ಅಳತೆಗೆ ಒಪ್ಪುವ ಗಾಲಿಕುರ್ಚಿ: ಸಣ್ಣ ಉದ್ಯಮಕ್ಕೆ ಹೊಣೆಯೂ ಹೌದು, ಅವಕಾಶವೂ ಹೌದು

ಪಾದದ ಅಳತೆ ಕೇಳದೆ ಯಾವ ವರ್ತಕನೂ ಪಾದರಕ್ಷೆ ಮಾರುವುದಿಲ್ಲ. ಆದರೆ ದಿನದ ಬಹುಪಾಲನ್ನು ಕುಳಿತೇ ಕಳೆಯಬೇಕಾದವರು ಬಳಸುವ ಗಾಲಿಕುರ್ಚಿ ಮಾತ್ರ ಇಂದಿಗೂ ಅನೇಕ ಕಡೆ ಒಂದೇ ಅಳತೆಯಲ್ಲಿ ಮಾರಾಟವಾಗುತ್ತಿದೆ. ರೋಗಿಯನ್ನು ಆಸ್ಪತ್ರೆಯ ಒಂದು ಕೊಠಡಿಯಿಂದ ಇನ್ನೊಂದಕ್ಕೆ ಒಯ್ಯುವ ಕುರ್ಚಿ ಬೇರೆ, ಬೆನ್ನುಹುರಿಗೆ ಪೆಟ್ಟಾದ ವ್ಯಕ್ತಿ ಜೀವನಪರ್ಯಂತ ಬಳಸುವ ಕುರ್ಚಿ ಬೇರೆ. ಈ ಸರಕನ್ನು ತಯಾರಿಸುವವರೂ ಮಾರುವವರೂ ಮೊದಲು ಮನಗಾಣಬೇಕಾದ ವ್ಯತ್ಯಾಸವಿದು.

ಆರೋಗ್ಯವಂತರು ಕುಳಿತಲ್ಲಿಯೇ ಅರಿವಿಲ್ಲದೆ ಮಗ್ಗುಲು ಬದಲಿಸುತ್ತಾರೆ. ಬೆನ್ನುಹುರಿಯ ಆಘಾತಕ್ಕೆ ಒಳಗಾದವರಿಗೆ ಪೆಟ್ಟಾದ ಜಾಗದ ಕೆಳಗೆ ಚಲನೆಯ ಜೊತೆಗೆ ಸ್ಪರ್ಶಜ್ಞಾನವೂ ಕುಂದಿರುತ್ತದೆ. ನಿತಂಬದ ಮೂಳೆಗಳು ಚರ್ಮವನ್ನು ಒತ್ತಿ ರಕ್ತಸಂಚಾರ ತಡೆದರೂ ನೋವು ತಿಳಿಯದು. ಹೀಗೆ ಉಂಟಾಗುವ ಒತ್ತಡದ ಹುಣ್ಣು ಕೆಲವೇ ಗಂಟೆಗಳಲ್ಲಿ ಆರಂಭವಾಗಬಹುದು. ಮಾಯಲು ತಿಂಗಳುಗಳೇ ಬೇಕಾಗಬಹುದು. ಸೋಂಕು ತಗುಲಿದರೆ ಪ್ರಾಣಕ್ಕೂ ಅಪಾಯ. ಆದ್ದರಿಂದ ಒತ್ತಡವನ್ನು ಹಂಚುವ ಮೆತ್ತೆಯು ಕುರ್ಚಿಯ ಅಲಂಕಾರವಲ್ಲ, ಅದರ ಅವಿಭಾಜ್ಯ ಅಂಗ.

ಅಳತೆಯ ಲೆಕ್ಕಾಚಾರ

ಸೊಂಟದ ಅಗಲ 36 ಸೆಂ.ಮೀ. ಇರುವ ಯುವಕನಿಗೆ 46 ಸೆಂ.ಮೀ. ಅಗಲದ ಆಸನ ಕೊಟ್ಟರೆ ಎರಡೂ ಬದಿಯಲ್ಲಿ ತಲಾ 5 ಸೆಂ.ಮೀ. ಜಾಗ ಉಳಿಯುತ್ತದೆ. ಆತ ಒಂದು ಪಕ್ಕಕ್ಕೆ ವಾಲುತ್ತಾನೆ. ಕ್ರಮೇಣ ಬೆನ್ನು ಡೊಂಕಾಗಬಹುದು. ಚಕ್ರ ತಿರುಗಿಸಲು ತೋಳುಗಳನ್ನು ಅಗಲಿಸಬೇಕಾಗಿ ಭುಜ ಸವೆಯುತ್ತದೆ. ಕುರ್ಚಿ ಮನೆಯ ಬಾಗಿಲಲ್ಲಿ ಹಿಡಿಸದೆಯೂ ಹೋಗಬಹುದು. ಆಸನದ ಅಗಲ ಸೊಂಟದ ಅಗಲಕ್ಕೆ ಸಮನಾಗಿರಬೇಕು, ಹೆಚ್ಚೆಂದರೆ ಒಂದೆರಡು ಸೆಂ.ಮೀ. ಜಾಸ್ತಿ. ಆಸನದ ಉದ್ದ ಮಂಡಿಯ ಹಿಂಭಾಗಕ್ಕಿಂತ 3ರಿಂದ 6 ಸೆಂ.ಮೀ. ಮೊದಲೇ ಮುಗಿಯಬೇಕು. ಪಾದಪೀಠವು ತೊಡೆಗೆ ಪೂರ್ಣ ಆಧಾರ ಸಿಗುವಷ್ಟು ಎತ್ತರದಲ್ಲಿರಬೇಕು. ಅದು ಅತಿಯಾಗಿ ಮೇಲಿದ್ದರೆ ದೇಹದ ಭಾರವೆಲ್ಲ ನಿತಂಬದ ಮೂಳೆಗಳ ಮೇಲೆಯೇ ಬೀಳುತ್ತದೆ. ಮೆತ್ತೆಯ ದಪ್ಪವನ್ನು ಲೆಕ್ಕಕ್ಕೆ ಹಿಡಿಯದೆ ಈ ಎತ್ತರವನ್ನು ನಿಗದಿಪಡಿಸುವಂತಿಲ್ಲ.

ಪೆಟ್ಟು ಬಿದ್ದ ಮಟ್ಟಕ್ಕೆ ಅನುಗುಣವಾಗಿ ಕುರ್ಚಿಯ ಸ್ವರೂಪವೂ ಬದಲಾಗುತ್ತದೆ. ಎದೆಯ ಕೆಳಭಾಗದ ಮಟ್ಟದಲ್ಲಿ ಪೆಟ್ಟಾದವರಿಗೆ ತಗ್ಗಾದ ಬೆನ್ನಾಸರೆ ಸಾಕು. ತೋಳುಗಳ ಚಲನೆಗೆ ಅದೇ ಅನುಕೂಲ. ಕುತ್ತಿಗೆಯ ಮಟ್ಟದಲ್ಲಿ ಪೆಟ್ಟಾದವರಿಗೆ ಎತ್ತರದ ಬೆನ್ನಾಸರೆ ಹಾಗೂ ಹಿಡಿತವಿಲ್ಲದ ಕೈಗೂ ಜಾರದಂಥ ತಳ್ಳುಬಳೆ ಬೇಕು. ತೋಳಿನ ಶಕ್ತಿಯೇ ಇಲ್ಲದವರಿಗೆ ವಿದ್ಯುತ್ ಚಾಲಿತ ಕುರ್ಚಿಯೇ ಗತಿ. ಹಿಂಚಕ್ರದ ಆಕ್ಸಲ್ ಮುಂದಕ್ಕೆ ಸರಿದಷ್ಟೂ ತಳ್ಳುವುದು ಹಗುರ, ಆದರೆ ಕುರ್ಚಿ ಹಿಂದಕ್ಕೆ ಮಗುಚುವ ಭಯವೂ ಹೆಚ್ಚು. ಆದಕಾರಣ ಆಕ್ಸಲ್‌ನ ಸ್ಥಾನ ಬದಲಿಸಲು ಬರುವಂತಿರುವುದು ಒಳ್ಳೆಯ ವಿನ್ಯಾಸದ ಲಕ್ಷಣ.

ಸಣ್ಣ ಕಾರ್ಯಾಗಾರಗಳ ಕೊಡುಗೆ

ಈ ಉದ್ಯಮದ ದೊಡ್ಡ ಸುಧಾರಣೆಗಳು ಬಳಕೆದಾರರಿಂದಲೂ ಸಣ್ಣ ಕಾರ್ಯಾಗಾರಗಳಿಂದಲೂ ಬಂದಿವೆ. ಗಣಿ ಅಪಘಾತದಲ್ಲಿ ಕಾಲುಗಳ ಶಕ್ತಿ ಕಳೆದುಕೊಂಡಿದ್ದ ಎಂಜಿನಿಯರ್ ಹರ್ಬರ್ಟ್ ಎವರೆಸ್ಟ್ ಮತ್ತು ಅವರ ಗೆಳೆಯ ಹ್ಯಾರಿ ಜೆನಿಂಗ್ಸ್ 1930ರ ದಶಕದಲ್ಲಿ ಅಮೆರಿಕದಲ್ಲಿ ಉಕ್ಕಿನ ಕೊಳವೆಗಳ ಮಡಚುವ ಕುರ್ಚಿಯನ್ನು ರೂಪಿಸಿದರು. ಕ್ಯಾಲಿಫೋರ್ನಿಯಾದ ಮರ್ಲಿನ್ ಹ್ಯಾಮಿಲ್ಟನ್ 1978ರಲ್ಲಿ ಗ್ಲೈಡರ್ ಅಪಘಾತಕ್ಕೆ ಒಳಗಾದ ಬಳಿಕ, ಗ್ಲೈಡರ್ ತಯಾರಿಸುತ್ತಿದ್ದ ಇಬ್ಬರು ಗೆಳೆಯರು ಅದೇ ತಂತ್ರದಿಂದ ಅವರಿಗೆ ಹಗುರವಾದ ಅಲ್ಯುಮಿನಿಯಂ ಕುರ್ಚಿ ಮಾಡಿಕೊಟ್ಟರು. ಅದೇ 'ಕ್ವಿಕೀ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ಸ್ವತಃ ಗಾಲಿಕುರ್ಚಿ ಬಳಸುವ ಎಂಜಿನಿಯರ್ ರಾಲ್ಫ್ ಹಾಚ್‌ಕಿಸ್, ಹಳ್ಳಿಗಾಡಿನ ಹಾದಿಗೆ ಒಗ್ಗುವ, ಸೈಕಲ್ ಟೈರುಗಳನ್ನೇ ಬಳಸಬಹುದಾದ 'ರಫ್‌ರೈಡರ್' ವಿನ್ಯಾಸದ ಹಿಂದಿನ ಪ್ರಮುಖರು. ಎಲ್ಲೆಡೆ ಸಿಗುವ ಬಿಡಿಭಾಗವೇ ಉತ್ತಮ ಬಿಡಿಭಾಗ ಎಂಬುದು ಅದರ ಪಾಠ.

ನಮ್ಮ ದೇಶದಲ್ಲಿ ಮದ್ರಾಸ್ ಐಐಟಿಯಲ್ಲಿ ಹುಟ್ಟಿದ ನಿಯೋಮೋಷನ್ ಸಂಸ್ಥೆ, ಬಳಕೆದಾರರ ಅಳತೆಗೆ ಹೊಂದಿಸಿದ 'ನಿಯೋಫ್ಲೈ' ಕುರ್ಚಿಯನ್ನು ತಯಾರಿಸುತ್ತಿದೆ. ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಸಂಸ್ಥೆ 1994ರಿಂದ ಸಾಧನ ಸಲಕರಣೆಗಳ ಸೇವೆ ಹಾಗೂ ತರಬೇತಿಯಲ್ಲಿ ತೊಡಗಿದೆ. ಹಾಗಾಗಿ ಕರ್ನಾಟಕದ ಉದ್ಯಮಿಗೆ ಮಾರ್ಗದರ್ಶನ ದೂರವಿಲ್ಲ.

ವರ್ತಕರು ಮಾಡಬಹುದಾದುದು

ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ನಾಲ್ಕು ಹಂತಗಳನ್ನು ಹೇಳುತ್ತದೆ: ಆಯ್ಕೆ, ಹೊಂದಿಸುವಿಕೆ, ತರಬೇತಿ, ಆನಂತರದ ತಪಾಸಣೆ. ಕುರ್ಚಿಯ ಮಾರಾಟ ಇವುಗಳಲ್ಲಿ ಮೊದಲನೆಯದರೊಡನೆ ಮುಗಿದುಹೋದರೆ ಉಳಿದ ಮೂರರ ನಷ್ಟ ಗ್ರಾಹಕನ ಪಾಲಿಗೆ. ವರ್ತಕರು ಮೂರು ನಾಲ್ಕು ಅಗಲಗಳ ಕುರ್ಚಿಗಳನ್ನು ದಾಸ್ತಾನಿಡಬಹುದು. ಅಳತೆ ಮತ್ತು ಮೆತ್ತೆಯ ಆಯ್ಕೆಗೆ ಫಿಸಿಯೋಥೆರಪಿಸ್ಟರ ನೆರವು ಪಡೆಯಬೇಕು. ಮನೆಯ ಬಾಗಿಲು, ಹೊಸ್ತಿಲು, ಶೌಚಾಲಯಗಳ ಅಳತೆ ಕೇಳಿಕೊಳ್ಳಬೇಕು. ಟ್ಯೂಬು, ಬೇರಿಂಗ್, ಬ್ರೇಕು, ಮುಂಚಕ್ರಗಳನ್ನು ಸದಾ ಲಭ್ಯವಿರಿಸಬೇಕು. ಕುರ್ಚಿ ಒಪ್ಪಿಸಿದ ಕೆಲವು ವಾರಗಳ ನಂತರ ಒಮ್ಮೆ ವಿಚಾರಿಸಿ, ಚರ್ಮ ಕೆಂಪಾಗಿದೆಯೇ ಎಂದು ಮನೆಯವರು ಪ್ರತಿದಿನ ನೋಡುತ್ತಿರುವರೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಅಗ್ಗವೆಂದು ಕೊಂಡ ಕುರ್ಚಿಯಿಂದ ಹುಣ್ಣಾದರೆ ಅದರ ಚಿಕಿತ್ಸೆಯ ವೆಚ್ಚ ಕುರ್ಚಿಯ ಬೆಲೆಯನ್ನು ಸುಲಭವಾಗಿ ಮೀರುತ್ತದೆ. ಸರಿಯಾಗಿ ಹೊಂದಿದ ಕುರ್ಚಿಯಾದರೋ ಅದರಲ್ಲಿ ಕುಳಿತವರನ್ನು ಮತ್ತೆ ಶಾಲೆಗೆ, ಅಂಗಡಿಗೆ, ಕಾರ್ಖಾನೆಗೆ ಕರೆತರುತ್ತದೆ. ಅಳತೆಪಟ್ಟಿ ಹಿಡಿದು ಕಳೆಯುವ ಅರ್ಧ ಗಂಟೆ ಈ ವ್ಯಾಪಾರದಲ್ಲಿ ವ್ಯರ್ಥವಾಗುವ ಕಾಲವಲ್ಲ. ಗ್ರಾಹಕರ ವಿಶ್ವಾಸಕ್ಕೆ ಅದೇ ಬಂಡವಾಳ.