ಒಣಗಲು ಕಾಯುವ ಸೌಟು

ಬೆತ್ಲೆಹೆಮ್‌ನ ಬಡಗಿ ಆಲಿವ್ ಕೊಂಬೆ ಕೈಗೆ ಬಂದ ದಿನವೇ ಉಳಿ ಹಿಡಿಯುವುದಿಲ್ಲ. ಕೊಯ್ದು ಹಲಗೆ ಮಾಡಿ, ಗಾಳಿಯಾಡುವ ನೆರಳಿನಲ್ಲಿ ಪೇರಿಸಿಟ್ಟು ಕಾಯುತ್ತಾನೆ. ತೆಳು ತುಂಡಿಗೆ ಕೆಲವು ತಿಂಗಳು ಸಾಕು, ದಪ್ಪದ್ದಕ್ಕೆ ವರ್ಷವೂ ಮೀರುತ್ತದೆ. ಅಂಗಡಿಯಲ್ಲಿ ಆಲಿವ್ ಮರದ ಸೌಟನ್ನೋ ತರಕಾರಿ ಹೆಚ್ಚುವ ಮಣೆಯನ್ನೋ ಕೈಗೆತ್ತಿಕೊಂಡವರಿಗೆ ಕೆತ್ತನೆಯ ಶ್ರಮ ಕಾಣುತ್ತದೆ, ಕಾದ ದಿನಗಳು ಕಾಣುವುದಿಲ್ಲ.

ಕಾಯದಿದ್ದರೆ ಮರ ಬಿರಿಯುತ್ತದೆ. ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಜೀವಕೋಶಗಳ ಪೊಳ್ಳಿನಲ್ಲಿ ಒಂದಷ್ಟು, ಅವುಗಳ ಗೋಡೆಯೊಳಗೆ ಒಂದಷ್ಟು. ಪೊಳ್ಳಿನ ನೀರು ಆರಿದರೆ ಮರ ಹಗುರಾಗುತ್ತದೆ, ಅಷ್ಟೇ. ತೇವ ಸುಮಾರು ಶೇ. 30ಕ್ಕೆ ಇಳಿದ ಮೇಲೆ ಗೋಡೆಯ ನೀರೂ ಹೊರಡುತ್ತದೆ. ಮರ ಕುಗ್ಗತೊಡಗುವುದು ಆಗ. ಅದೂ ಎಲ್ಲ ದಿಕ್ಕಿಗೆ ಒಂದೇ ಸಮನಾಗಿ ಅಲ್ಲ. ಬೆಳವಣಿಗೆಯ ಉಂಗುರಗಳ ಗುಂಟ ಅದು ಎಷ್ಟು ಕುಗ್ಗುತ್ತದೋ, ತಿರುಳಿನಿಂದ ತೊಗಟೆಯ ಕಡೆಗೆ ಅದರ ಅರ್ಧದಷ್ಟು ಮಾತ್ರ. ಹೊರಮೈ ಅವಸರದಲ್ಲಿ ಒಣಗಿ ಬಿಗಿದು, ಒಳಗಿನ್ನೂ ಹಸಿಯಿದ್ದರೆ ಈ ಎಳೆದಾಟಕ್ಕೆ ಮರ ಸೀಳುತ್ತದೆ. ಆಲಿವ್‌ನದು ದಟ್ಟ ಮೈ; ಒಣಗಿದ ಒಂದು ಘನ ಸೆಂಟಿಮೀಟರ್ ತುಂಡು ಸುಮಾರು 0.9 ಗ್ರಾಂ ತೂಗುತ್ತದೆ. ಸಾಗುವಾನಿಯದು ಸುಮಾರು 0.65 ಗ್ರಾಂ. ಇಂಥ ಮೈಯೊಳಗಿನ ನೀರಿಗೆ ಹೊರಬರುವ ದಾರಿಯೂ ಇಕ್ಕಟ್ಟು.

ಇಷ್ಟು ಗಡಸು ಮರ ನಮ್ಮ ಮಲ್ಲಿಗೆ, ಪಾರಿಜಾತಗಳ ಬಂಧು ಎಂದರೆ ನಂಬುವುದು ಕಷ್ಟ. ಆದರೂ ಸಸ್ಯಶಾಸ್ತ್ರ ಮೂರನ್ನೂ ಓಲಿಯೇಸಿ ಎಂಬ ಒಂದೇ ಕುಟುಂಬದಲ್ಲಿ ಇಟ್ಟಿದೆ. ಆಲಿವ್ ಕಾಯಿ ಬಿಡುವುದು ಹಿಂದಿನ ವರ್ಷದ ಚಿಗುರಿನಲ್ಲಿ. ಹಾಗಾಗಿ ಪ್ಯಾಲೆಸ್ತೀನಿನ ರೈತರು ಕೊಯ್ಲು ಮುಗಿದ ಮೇಲೆ ಹಳೆಯ ಕೊಂಬೆಗಳನ್ನು ಸವರಿ, ಹೊಸ ಚಿಗುರಿಗೂ ಬಿಸಿಲಿಗೂ ಜಾಗ ಮಾಡುತ್ತಾರೆ. ಎಣ್ಣೆ ಕೊಡುವ ಮರವನ್ನು ಸೌಟಿಗಾಗಿ ಯಾರು ಕಡಿದಾರು? ಸವರಿದ ಕೊಂಬೆಯೇ ಬಡಗಿಯ ಸರಕು. ಸೊಟ್ಟ, ಗಂಟುಗಂಟು. ಹೊನ್ನಿನ ಮೈಮೇಲೆ ಹೊಗೆ ಸುಳಿದಂತೆ ಕಾಣುವ ಕಪ್ಪು ಗೆರೆಗಳು ಆ ಸೊಟ್ಟತನದ ಕೊಡುಗೆ. ಒಂದೇ ತುಂಡಿನ ಅಗಲವಾದ ಮಣೆ ದುಬಾರಿಯಾಗಲು ಕಾರಣವೂ ಅದೇ.

ತಯಾರಿಸುವವರಿಗೆ ತಕ್ಕ ಬೆಲೆ ಸಿಗಬೇಕೆನ್ನುವ ನ್ಯಾಯಯುತ ವ್ಯಾಪಾರ (ಫೇರ್ ಟ್ರೇಡ್) ಎಂಬ ಮಾತಿಗೆ ಈ ಕಾಯುವ ಕೆಲಸದಲ್ಲಿ ಗಟ್ಟಿ ಅರ್ಥ ಬರುವುದು ಮುಂಗಡದಿಂದ ಎಂಬುದು ನನ್ನ ಎಣಿಕೆ. ಮರಕ್ಕೆ ಇಂದೇ ದುಡ್ಡು ಹಾಕಬೇಕು, ಮಾರಾಟ ಮುಂದಿನ ವರ್ಷ. ಅಷ್ಟರಲ್ಲಿ ಮನೆಖರ್ಚಿಗೆ ಒದಗದಿದ್ದರೆ ಬಡಗಿ ಅರೆಹಸಿ ಮರಕ್ಕೇ ಉಳಿ ಹಾಕುತ್ತಾನೆ. ವಿಶ್ವ ನ್ಯಾಯಯುತ ವ್ಯಾಪಾರ ಸಂಘಟನೆಯ ಹತ್ತು ತತ್ವಗಳಲ್ಲಿ ಒಂದರ ಪ್ರಕಾರ, ಕರಕುಶಲ ವಸ್ತು ತಯಾರಿಸುವವರು ಕೇಳಿದರೆ ಕೊಳ್ಳುವವರು ಕನಿಷ್ಠ ಶೇ. 50 ಮುಂಗಡ ಕೊಡಬೇಕು. ಯಾತ್ರಿಕರನ್ನೇ ನೆಚ್ಚಿದ ಊರಿಗೆ ಇದು ಸಣ್ಣ ವಿಷಯವಲ್ಲ. 2020ರಲ್ಲಿ ಕೋವಿಡ್‌ನಿಂದ, 2023ರ ಅಕ್ಟೋಬರ್ ನಂತರ ಯುದ್ಧದಿಂದ ಬೆತ್ಲೆಹೆಮ್‌ಗೆ ಯಾತ್ರಿಕರು ಬರುವುದು ನಿಂತಾಗ ಎಷ್ಟೋ ಅಂಗಡಿಗಳು ಬಾಗಿಲು ಹಾಕಿದವು.

ಇನ್ನು ಕೊಂಡು ಮನೆಗೆ ತಂದ ಮೇಲಿನ ಮಾತು. ಮರದ ಮಣೆ ಗಲೀಜು, ಪ್ಲಾಸ್ಟಿಕ್ ಸ್ವಚ್ಛ ಎಂಬ ನಂಬಿಕೆಯನ್ನು 1990ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೀನ್ ಕ್ಲೈವರ್ ಪರೀಕ್ಷೆಗೆ ಒಡ್ಡಿದರು. ಗಟ್ಟಿ ಮರದ ಮಣೆಗಳ ಮೇಲೆ ಹಾಕಿದ ಬ್ಯಾಕ್ಟೀರಿಯಾ ಒಳಕ್ಕೆ ಇಂಗಿ, ಮೇಲ್ಮೈಯಲ್ಲಿ ಹೆಚ್ಚು ಹೊತ್ತು ಸಿಗಲಿಲ್ಲ. ಚಾಕುವಿನ ಗೀರು ಬಿದ್ದ ಹಳೆಯ ಪ್ಲಾಸ್ಟಿಕ್ಕಿನಲ್ಲಿ ಅವು ಉಳಿದುಕೊಂಡವು. ಹಾಗೆಂದು ತೊಳೆಯದೆ ಇಡುವಂತಿಲ್ಲ. ತೊಳೆಯುವುದೆಂದರೆ ಉಜ್ಜಿ, ಒರೆಸಿ, ನಿಲ್ಲಿಸಿಡುವುದು. ಸಿಂಕಿನಲ್ಲಿ ರಾತ್ರಿಯಿಡೀ ನೆನೆಹಾಕಿದರೆ ಮತ್ತೆ ಅದೇ ಹಿಗ್ಗು ಕುಗ್ಗು, ಅದೇ ಬಿರುಕು.

ಆಲಿವ್ ಸೌಟಿಗೆ ಆಲಿವ್ ಎಣ್ಣೆ ಸವರಬಹುದಲ್ಲ? ಒಪ್ಪುವ ಜೋಡಿಯಂತೆ ಕಂಡರೂ ಕೆಲಸಕ್ಕೆ ಬಾರದು. ಅದರಲ್ಲಿ ಹೆಚ್ಚಿಗಿರುವ ಓಲಿಕ್ ಆಮ್ಲದ ಅಣುವಿಗೆ ಒಂದೇ ಜೋಡಿ ಬಂಧ. ಎಣ್ಣೆ ಗಟ್ಟಿಯಾಗುವುದಿಲ್ಲ, ಕ್ರಮೇಣ ಕಮಟು ಹಿಡಿಯುತ್ತದೆ. ಅಗಸೆ ಎಣ್ಣೆಯ ಲಿನೊಲೆನಿಕ್ ಆಮ್ಲದಲ್ಲಿ ಅಂಥ ಬಂಧಗಳು ಮೂರು. ಗಾಳಿಯ ಆಮ್ಲಜನಕ ಅಲ್ಲಿ ಹಿಡಿದುಕೊಂಡು ಅಣುಗಳನ್ನು ಬಲೆಯಂತೆ ಹೆಣೆಯುತ್ತದೆ. ಅಡುಗೆಗೆ ಬಳಸುವ ಅಗಸೆ ಎಣ್ಣೆಯನ್ನೇ ಕೊಳ್ಳಿ. ಬಣ್ಣದ ಅಂಗಡಿಯದರಲ್ಲಿ ಬೇಗ ಒಣಗಲೆಂದು ಲೋಹದ ಲವಣ ಬೆರೆಸಿರುತ್ತಾರೆ. ತೆಳುವಾಗಿ ಸವರಿ, ಹೆಚ್ಚಾದದ್ದನ್ನು ಒರೆಸಿಡಿ. ಪೂರ್ತಿ ಗಟ್ಟಿಯಾಗಲು ವಾರ ದಾಟುವುದೂ ಉಂಟು. ಅಲ್ಲಿಯವರೆಗೆ ಸಾರು ತಿರುವಲು ಹಳೆಯ ಸೌಟೇ ಗತಿ.