ಕಾಯುವವರ ಕಾಲವನ್ನು ಅಳೆಯುವ ಬಗೆ: ಸರ್ವರ್‌ಲೆಸ್ ಕಂಟೇನರುಗಳ ಮೇಲ್ವಿಚಾರಣೆ

ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಲು ಅಂದೇ ಕೊನೆಯ ದಿನ. ಪುಣೆಯಲ್ಲೋ ಚೆನ್ನೈಯಲ್ಲೋ ಇರುವ ವಿದ್ಯಾರ್ಥಿನಿಯೊಬ್ಬಳು ಎಲ್ಲ ವಿವರಗಳನ್ನೂ ತುಂಬಿ 'ಸಲ್ಲಿಸು' ಎಂಬ ಗುಂಡಿಯನ್ನು ಒತ್ತುತ್ತಾಳೆ. ಪರದೆಯ ಮೇಲೆ ಚಕ್ರವೊಂದು ಸುತ್ತುತ್ತಲೇ ಇರುತ್ತದೆ. ಅದೇ ವೇಳೆಗೆ ಆ ಸೇವೆಯನ್ನು ನಡೆಸುವ ಕಚೇರಿಯಲ್ಲಿ 'ಎಲ್ಲವೂ ಸುಸ್ಥಿತಿಯಲ್ಲಿದೆ' ಎಂಬ ಹಸಿರು ಗುರುತು ಕಾಣುತ್ತಿರಬಹುದು. ಈ ಎರಡು ನೋಟಗಳ ನಡುವಣ ಅಂತರವನ್ನು ನಿವಾರಿಸುವುದೇ ಕಾರ್ಯನಿರ್ವಹಣೆಯ ಮೇಲ್ವಿಚಾರಣೆಯ ಉದ್ದೇಶ. ಇಂದು ಬಳಕೆಗೆ ಬಂದಿರುವ ಸರ್ವರ್‌ಲೆಸ್ ಕಂಟೇನರುಗಳಲ್ಲಿ ಅಂತಹ ವ್ಯವಸ್ಥೆಯನ್ನು ಹೇಗೆ ಏರ್ಪಡಿಸಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸರ್ವರ್‌ಲೆಸ್ ಕಂಟೇನರ್ ಎಂದರೇನು?

ತಂತ್ರಾಂಶವೊಂದನ್ನೂ ಅದು ನಡೆಯಲು ಬೇಕಾದ ಪರಿಕರಗಳನ್ನೂ ಒಟ್ಟಾಗಿ ಕಟ್ಟಿಟ್ಟ ಪೊಟ್ಟಣಕ್ಕೆ ಕಂಟೇನರ್ ಎಂದು ಹೆಸರು. 2013ರಲ್ಲಿ ಡಾಕರ್ ಬಂದ ಮೇಲೆ ಈ ಪದ್ಧತಿಯು ವ್ಯಾಪಕವಾಯಿತು. ಆದರೆ ಪೊಟ್ಟಣವನ್ನು ನಡೆಸುವ ಯಂತ್ರಗಳನ್ನು ಆಯಾ ಸಂಸ್ಥೆಯೇ ನೋಡಿಕೊಳ್ಳಬೇಕಾಗಿತ್ತು. 2017ರಲ್ಲಿ ಅಮೆಜಾನ್ ಸಂಸ್ಥೆಯ ಫಾರ್ಗೇಟ್, 2019ರಲ್ಲಿ ಗೂಗಲ್ ಸಂಸ್ಥೆಯ ಕ್ಲೌಡ್ ರನ್ ಮುಂತಾದ ಸೇವೆಗಳು ಬಂದು ಈ ಹೊರೆಯನ್ನು ಇಳಿಸಿದವು. ಹೆಸರು 'ಸರ್ವರ್‌ಲೆಸ್' ಎಂದಿದ್ದರೂ ಸರ್ವರ್ ಇದ್ದೇ ಇರುತ್ತದೆ. ಅದರ ಪಾಲನೆಯ ಹೊಣೆ ಮಾತ್ರ ಬಳಸುವ ಸಂಸ್ಥೆಯದಲ್ಲ.

ಮುಂಬಯಿಯ ಉಡುಪಿ ಹೋಟೆಲೊಂದನ್ನು ಕಲ್ಪಿಸಿಕೊಳ್ಳಬಹುದು. ಗಿರಾಕಿಗಳು ಹೆಚ್ಚಿದಂತೆ ಅಲ್ಲಿ ಹೊಸ ಒಲೆಗಳು ಹೊತ್ತಿಕೊಳ್ಳುತ್ತವೆ. ಜನ ಕಡಿಮೆಯಾದಂತೆ ಆರುತ್ತವೆ. ಕ್ಲೌಡ್ ರನ್‌ನಲ್ಲಿಯೂ ಬೇಡಿಕೆ ಇಲ್ಲದಿದ್ದಾಗ ಕಂಟೇನರುಗಳ ಸಂಖ್ಯೆ ಸೊನ್ನೆಗೂ ಇಳಿಯಬಲ್ಲದು. ಇದರಿಂದ ವೆಚ್ಚ ಉಳಿಯುತ್ತದೆ. ಆದರೆ ಕಾವಲಿ ಕಾದ ಮೇಲಷ್ಟೇ ದೋಸೆ. ಹೊಸ ಕಂಟೇನರ್ ಸಿದ್ಧವಾಗುವವರೆಗೆ ಮೊದಲು ಬಂದವರು ಕಾಯಬೇಕಾಗುತ್ತದೆ. ಈ ವಿಳಂಬಕ್ಕೆ 'ಕೋಲ್ಡ್ ಸ್ಟಾರ್ಟ್' ಎನ್ನುತ್ತಾರೆ.

ಹಳೆಯ ಪದ್ಧತಿ ಸಾಲದೇಕೆ?

ಹಿಂದೆ ಯಂತ್ರದಲ್ಲಿಯೇ ಮೇಲ್ವಿಚಾರಣೆಯ ತಂತ್ರಾಂಶವನ್ನು ಅಳವಡಿಸಿ, ದೋಷ ಕಂಡಾಗ ಅಲ್ಲಿನ ದಾಖಲೆಗಳನ್ನು ತೆರೆದು ನೋಡಲಾಗುತ್ತಿತ್ತು. ಸರ್ವರ್‌ಲೆಸ್ ವ್ಯವಸ್ಥೆಯಲ್ಲಿ ಯಂತ್ರದೊಳಕ್ಕೆ ಪ್ರವೇಶವಿಲ್ಲ. ಕಂಟೇನರ್ ಅಳಿದರೆ ಅದರೊಳಗೆ ಬರೆದಿಟ್ಟ ದಾಖಲೆಗಳೂ ಅಳಿಯುತ್ತವೆ. ಮುಚ್ಚುವ ಸೂಚನೆ ಬಂದ ಮೇಲೆ ಕ್ಲೌಡ್ ರನ್‌ನಲ್ಲಿ 10 ಸೆಕೆಂಡುಗಳ, ಫಾರ್ಗೇಟ್‌ನಲ್ಲಿ ಸಾಮಾನ್ಯವಾಗಿ 30 ಸೆಕೆಂಡುಗಳ ಅವಕಾಶ ಮಾತ್ರ ದೊರೆಯುತ್ತದೆ. ಆದ್ದರಿಂದ ಅಳತೆಗಳನ್ನು ಒಳಗೆ ಕೂಡಿಡದೆ, ಆಗಿಂದಾಗ್ಗೆ ಹೊರಗಿನ ಭಂಡಾರಕ್ಕೆ ಕಳುಹಿಸುತ್ತಿರಬೇಕು. ಒಲೆ ಆರುವ ಮುನ್ನವೇ ಲೆಕ್ಕದ ಚೀಟಿ ಗಲ್ಲಾಪೆಟ್ಟಿಗೆಯನ್ನು ಸೇರಿರಬೇಕು.

ಏನನ್ನು ಅಳೆಯಬೇಕು?

ಗೂಗಲ್ ಸಂಸ್ಥೆಯ ತಂತ್ರಜ್ಞರು 2016ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ನಾಲ್ಕು ಮುಖ್ಯ ಸೂಚಕಗಳನ್ನು ಹೆಸರಿಸಿದ್ದಾರೆ: ಉತ್ತರಕ್ಕೆ ತಗಲುವ ವಿಳಂಬ, ಬರುವ ಬೇಡಿಕೆಯ ಪ್ರಮಾಣ, ವಿಫಲವಾದ ಕೋರಿಕೆಗಳು ಮತ್ತು ಸಾಮರ್ಥ್ಯ ಎಷ್ಟು ತುಂಬಿದೆ ಎಂಬುದು. ಸರ್ವರ್‌ಲೆಸ್ ಕಂಟೇನರುಗಳಲ್ಲಿ ಇವುಗಳೊಡನೆ ಕೋಲ್ಡ್ ಸ್ಟಾರ್ಟ್‌ಗಳ ಸಂಖ್ಯೆಯನ್ನೂ ಅವಧಿಯನ್ನೂ ಅಳೆಯುವುದು ಅವಶ್ಯಕ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 1,000 ಕೋರಿಕೆಗಳಲ್ಲಿ 950ಕ್ಕೆ 0.4 ಸೆಕೆಂಡಿನಲ್ಲಿಯೂ ಉಳಿದ 50ಕ್ಕೆ 20 ಸೆಕೆಂಡುಗಳಲ್ಲಿಯೂ ಉತ್ತರ ದೊರೆತಿದೆ ಎಂದಿಟ್ಟುಕೊಳ್ಳೋಣ. ಸರಾಸರಿ 1.38 ಸೆಕೆಂಡು. ಸರಾಸರಿಯನ್ನಷ್ಟೇ ನೋಡಿದವರಿಗೆ ದೋಷವೇ ಕಾಣದು. ಆದರೆ 50 ಮಂದಿ ಪರದೆಯ ಮುಂದೆ ಚಡಪಡಿಸಿದ್ದಾರೆ. ಕೋರಿಕೆಗಳನ್ನು ವೇಗದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ, 100ಕ್ಕೆ 99ನೆಯ ಸ್ಥಾನದಲ್ಲಿರುವುದಕ್ಕೆ ಎಷ್ಟು ಕಾಲ ಹಿಡಿಯಿತೆಂದು ನೋಡಿದರೆ 20 ಸೆಕೆಂಡು ಎಂಬ ನಿಜಸ್ಥಿತಿ ಹೊರಬೀಳುತ್ತದೆ. ಆದ್ದರಿಂದ ಸರಾಸರಿಯೊಡನೆ ಈ ಅಳತೆಯನ್ನೂ ಗಮನಿಸುವುದು ಯೋಗ್ಯ.

ಏರ್ಪಾಡಿನ ಕ್ರಮ

ಮೊದಲನೆಯದಾಗಿ, ತಂತ್ರಾಂಶದೊಳಗೇ ಅಳತೆಯ ಸಾಧನವನ್ನು ಹೊಂದಿಸಬೇಕು. ಓಪನ್‌ಟ್ರೇಸಿಂಗ್ ಮತ್ತು ಓಪನ್‌ಸೆನ್ಸಸ್ ಎಂಬ ಎರಡು ಯೋಜನೆಗಳು 2019ರಲ್ಲಿ ಒಂದಾಗಿ ರೂಪುಗೊಂಡ ಓಪನ್‌ಟೆಲಿಮೆಟ್ರಿ ಇದಕ್ಕೆ ಮುಕ್ತವಾಗಿ ದೊರೆಯುವ ಸಾಧನ. ಯಾವ ಸಂಸ್ಥೆಯ ಕ್ಲೌಡ್ ಸೇವೆಯಲ್ಲಿಯೂ ಇದನ್ನು ಬಳಸಬಹುದು.

ಎರಡನೆಯದಾಗಿ, ಮುಖ್ಯ ಕಂಟೇನರಿನ ಜೊತೆಯಲ್ಲಿ ಅಳತೆಗಳನ್ನು ಸಂಗ್ರಹಿಸಿ ಕಳುಹಿಸುವ ಸಹಾಯಕ ಕಂಟೇನರೊಂದನ್ನು ಇಡಬಹುದು. ಮುಚ್ಚುವ ಸೂಚನೆ ಬಂದೊಡನೆ ಉಳಿದ ಅಳತೆಗಳನ್ನೆಲ್ಲ ರವಾನಿಸುವಂತೆ ಅದನ್ನು ಅಣಿಗೊಳಿಸಬೇಕು.

ಮೂರನೆಯದಾಗಿ, ಪ್ರತಿಯೊಂದು ಕೋರಿಕೆಗೂ ಒಂದು ಗುರುತು ಸಂಖ್ಯೆಯನ್ನು ಕೊಟ್ಟು, ಅದು ಹಾದುಹೋಗುವ ಎಲ್ಲ ಹಂತಗಳಲ್ಲಿಯೂ ಅದೇ ಸಂಖ್ಯೆ ದಾಖಲಾಗುವಂತೆ ಮಾಡಬೇಕು. ತಡವಾದದ್ದು ಕಂಟೇನರಿನಲ್ಲೋ, ದತ್ತಾಂಶ ಸಂಗ್ರಹದಲ್ಲೋ, ಹಣ ಪಾವತಿಯಲ್ಲೋ ಎಂಬುದು ಇದರಿಂದ ತಿಳಿಯುತ್ತದೆ.

ನಾಲ್ಕನೆಯದಾಗಿ, ಎಚ್ಚರಿಕೆಯ ಕರೆಯು ಯಂತ್ರದ ಸ್ಥಿತಿಯನ್ನಲ್ಲದೆ ಜನರು ಕಾಯುವ ಹೊತ್ತನ್ನು ಆಧರಿಸಿರಬೇಕು. ಹೊರಗಿನ ಊರುಗಳಿಂದ ನಿಯತಕಾಲಕ್ಕೆ ಪರೀಕ್ಷಾ ಕೋರಿಕೆಗಳನ್ನು ಕಳುಹಿಸುವುದೂ ಉಪಯುಕ್ತ. ಕೊನೆಯ ದಿನಾಂಕಗಳು ಮೊದಲೇ ತಿಳಿದಿರುವುದರಿಂದ, ಅಂದು ಕೆಲವು ಕಂಟೇನರುಗಳನ್ನು ಸದಾ ಸಿದ್ಧವಾಗಿರಿಸುವುದು ವಿವೇಕ.

ದಾಖಲೆ ಮತ್ತು ಗೋಪ್ಯತೆ

ಭಾರತದಲ್ಲಿ ಗಣಕ ಸುರಕ್ಷತೆಯ ಹೊಣೆಹೊತ್ತ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಗಣಕ ವ್ಯವಸ್ಥೆಗಳ ದಾಖಲೆಗಳನ್ನು 180 ದಿನಗಳ ಕಾಲ ಸುರಕ್ಷಿತವಾಗಿ ಇಡಬೇಕಾಗಿದೆ. ಆದರೆ ವೇಗವನ್ನು ಅಳೆಯಲು ಅರ್ಜಿದಾರರ ಆಧಾರ್ ಸಂಖ್ಯೆಯಾಗಲಿ ದೂರವಾಣಿ ಸಂಖ್ಯೆಯಾಗಲಿ ಬೇಕಾಗಿಲ್ಲ. ಅಂತಹ ವಿವರಗಳು ದಾಖಲೆಯನ್ನು ಸೇರದಂತೆ ಮೊದಲೇ ಸೋಸಿ ತೆಗೆಯತಕ್ಕದ್ದು. ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ 2023ರಲ್ಲಿ ಸಂಸತ್ತು ಅಧಿನಿಯಮವೊಂದನ್ನು ಅಂಗೀಕರಿಸಿರುವುದನ್ನೂ ಇಲ್ಲಿ ಸ್ಮರಿಸಬಹುದು.

ಸಾರ್ವಜನಿಕರ ಪಾತ್ರ

ಈ ಕಾರ್ಯದಲ್ಲಿ ಬಳಕೆದಾರರೂ ನೆರವಾಗಬಹುದು. ಸೇವೆಯು ಸ್ಥಗಿತಗೊಂಡರೆ ದಿನಾಂಕ ಮತ್ತು ವೇಳೆಯನ್ನು ಬರೆದಿಟ್ಟುಕೊಳ್ಳಿ. ಪರದೆಯಲ್ಲಿ ಉಲ್ಲೇಖ ಸಂಖ್ಯೆ ಕಂಡರೆ ಅದನ್ನೂ ಗುರುತಿಸಿಕೊಂಡು ದೂರಿನಲ್ಲಿ ನಮೂದಿಸಿ. ಮೇಲ್ವಿಚಾರಣೆ ಸರಿಯಾಗಿದ್ದಲ್ಲಿ ಆ ಒಂದು ಸಂಖ್ಯೆಯಿಂದಲೇ ದೋಷದ ಮೂಲವನ್ನು ತಲಪಬಹುದು. ಮೇಲ್ವಿಚಾರಣೆಯೇ ಇಲ್ಲದಿದ್ದಲ್ಲಿ, ಕೊನೆಯ ದಿನ ಪರದೆಯ ಮುಂದೆ ಕಾದು ಕುಳಿತ ಆ ವಿದ್ಯಾರ್ಥಿನಿಯ ಮಾತಿಗೆ ಯಾವ ಸಾಕ್ಷ್ಯವೂ ಉಳಿಯುವುದಿಲ್ಲ.