ಜೂಲಿಯೆಟ್ ಬೇರೆಯವರಾಗಿದ್ದರೆ?

1996ರ ‘ರೋಮಿಯೋ + ಜೂಲಿಯೆಟ್’. ನಿರ್ದೇಶನ ಬಾಜ್ ಲರ್ಮನ್. ಮಾತು ಷೇಕ್ಸ್‌ಪಿಯರ್‌ದೇ, ಕೈಯಲ್ಲಿ ಮಾತ್ರ ಕತ್ತಿ ಬದಲು ಪಿಸ್ತೂಲು. ರೋಮಿಯೋ ಆಗಿ ಲಿಯೊನಾರ್ಡೊ ಡಿಕಾಪ್ರಿಯೋ, ಜೂಲಿಯೆಟ್ ಆಗಿ ಕ್ಲೇರ್ ಡೇನ್ಸ್. ಆದರೂ ಅಭಿಮಾನಿಗಳು ಇವತ್ತಿಗೂ ಮನಸ್ಸಲ್ಲೇ ಪಾತ್ರ ಹಂಚ್ತಾ ಕೂತಿರ್ತಾರೆ: ಜೂಲಿಯೆಟ್ ನ್ಯಾಟಲಿ ಪೋರ್ಟ್‌ಮನ್ ಆಗಿದ್ದಿದ್ರೆ?

ಇದು ಬರೀ ಹಗಲುಗನಸಲ್ಲ. ಆ ಪಾತ್ರಕ್ಕೆ ಮೊದಲು ಆಯ್ಕೆಯಾಗಿದ್ದವರೇ ಪೋರ್ಟ್‌ಮನ್. ಆಗ ಅವರಿಗೆ ಹದಿನಾಲ್ಕರ ಆಸುಪಾಸು, ಡಿಕಾಪ್ರಿಯೋಗೆ 21. ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿದಾಗ ವಯಸ್ಸಿನ ಅಂತರ ಕಣ್ಣಿಗೆ ಹೊಡೀತು. ಪೋರ್ಟ್‌ಮನ್ ಹೊರಬಂದರು. ತಮಾಷೆ ಏನು ಗೊತ್ತಾ? ನಾಟಕದ ಜೂಲಿಯೆಟ್‌ಗೆ ಇನ್ನೂ 14 ತುಂಬಿಯೇ ಇಲ್ಲ! ಪುಸ್ತಕದ ವಯಸ್ಸು ಕ್ಯಾಮೆರಾಗೆ ಒಗ್ಗಲಿಲ್ಲ. ಷೇಕ್ಸ್‌ಪಿಯರ್ ಕಾಲದಲ್ಲಂತೂ ಜೂಲಿಯೆಟ್ ಪಾತ್ರಕ್ಕೆ ಬಣ್ಣ ಹಚ್ತಿದ್ದದ್ದು ಹುಡುಗರು.

ಡೇನ್ಸ್ ಕೂಡ ಆಗ ಹದಿಹರೆಯದವರೇ. ಆದರೆ ಮೀನಿನ ತೊಟ್ಟಿಯ ಗಾಜಿನಾಚೆಯಿಂದ ರೋಮಿಯೋನನ್ನ ನೋಡ್ತಾರಲ್ಲ, ಆ ಒಂದು ನೋಟ! ನನ್ನ ಮಟ್ಟಿಗೆ ಚರ್ಚೆ ಅಲ್ಲಿಗೇ ಖತಂ.

ಇನ್ನು ರೋಮಿಯೋ ಗೆಳೆಯ ಮರ್ಕ್ಯೂಷಿಯೋ. ಮಿಣಮಿಣ ಉಡುಗೆ, ಬಿಳಿ ವಿಗ್ ತೊಟ್ಟು ಕುಣಿದ ಹೆರಾಲ್ಡ್ ಪೆರಿನೋ ಜಾಗಕ್ಕೆ ಇನ್ನೊಬ್ಬರ ಹೆಸರು ಹೇಳಿ ನೋಡೋಣ. ಬರಲ್ಲ ಅಲ್ವಾ?

ನನ್ನದು ಒಂದೇ ಒಂದು ಅದಲುಬದಲು. ಪಾರ್ಟಿಗೆ ಗಗನಯಾತ್ರಿ ವೇಷದಲ್ಲಿ ಬಂದು, ಹಲ್ಲು ಕಿರೀತಾ ಜೂಲಿಯೆಟ್ ಜೊತೆ ಕುಣಿಯೋ ಪ್ಯಾರಿಸ್ ನೆನಪಿದಾನಾ? ಅದು ಪಾಲ್ ರಡ್. ಜೂಲಿಯೆಟ್‌ಗೆ ಬೇಡವಾದ ವರ ಅಷ್ಟು ಮುದ್ದಾಗಿದ್ರೆ ಹೆಂಗ್ರೀ? ಅವರನ್ನ ರೋಮಿಯೋನ ಇನ್ನೊಬ್ಬ ಗೆಳೆಯ ಬೆನ್ವೋಲಿಯೋ ಮಾಡಿ.